ಕೆಂಪು ಸುತ್ತು ಬೀಳದ ತಪ್ಪು

ತಪ್ಪು ಹುಡುಕುವುದು ನಮ್ಮ ವೃತ್ತಿ. ಲೋಕದಲ್ಲಿ ಕೆಲವರು ಹೊನ್ನನ್ನು ಹುಡುಕುತ್ತಾರೆ, ಕೆಲವರು ದೇವರನ್ನು ಹುಡುಕುತ್ತಾರೆ; ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಾವು ಒತ್ತಕ್ಷರದ ತಪ್ಪನ್ನೂ ಕೂಡುವ ಲೆಕ್ಕದ ತಪ್ಪನ್ನೂ ಹುಡುಕುತ್ತೇವೆ. ಹುಡುಕಿದ್ದು ಸಿಕ್ಕದೆ ನಿರಾಶರಾದವರು ನಮ್ಮಲ್ಲಿ ಯಾರೂ ಇಲ್ಲ. ಟಿ.ಟಿ.ಸಿ. ತರಬೇತಿಯ ಕಾಲದಲ್ಲಿ ನಮಗೆ ಪಾಠಕ್ರಮವನ್ನು ಕಲಿಸಿದ ಗುರುಗಳೊಬ್ಬರು, ಕೆಂಪು ಶಾಯಿಯ ಲೇಖನಿಯನ್ನು ಮೊದಲು ನಿಮ್ಮ ಪಾಠಟಿಪ್ಪಣಿಯ ಮೇಲೆ ಓಡಿಸಿ, ಅನಂತರ ಮಕ್ಕಳ ಪುಸ್ತಕದ ಮೇಲೆ ಓಡಿಸಿ ಎಂದು ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಬಾರದ ಮಾತಾದ್ದರಿಂದ ನಾವು ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಅದರ ಅರ್ಥ ತಿಳಿಯುವುದಕ್ಕೆ ಹತ್ತು ಹನ್ನೆರಡು ವರ್ಷಗಳೂ ಒಂದು ಯಂತ್ರವೂ ಬೇಕಾದವು.

ಈಚಿನ ವರ್ಷಗಳಲ್ಲಿ ಮಕ್ಕಳ ಹೆಸರು, ಹುಟ್ಟಿದ ತಾರೀಕು, ಶಾಲೆಗೆ ಸೇರಿದ ದಿನ, ಮಾತೃಭಾಷೆ ಇವೆಲ್ಲವೂ ದಪ್ಪ ರಟ್ಟಿನ ದಾಖಲಾತಿ ಪುಸ್ತಕದಿಂದ ಹೊರಟು ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಬಂದು ಕುಳಿತಿವೆ. ಸ್ಪ್ರೆಡ್‌ಶೀಟ್ ಎಂದರೆ ಚೌಕಗಳಿಂದ ತುಂಬಿದ ಒಂದು ಹಾಳೆ. ಹಾಜರಿ ಪುಸ್ತಕದಂತೆ ಅಡ್ಡಕ್ಕೆ ಸಾಲುಗಳು, ಉದ್ದಕ್ಕೆ ಅಂಕಣಗಳು. ಕಾಸರಗೋಡು ಸೀಮೆಯ ಕನ್ನಡ ಶಾಲೆಗಳಲ್ಲಿ ದುಡಿಯುವವರಿಗೆ ಈ ಪಟ್ಟಿಯು ಬರಿಯ ಕಾಗದವಲ್ಲ. ೧೯೫೬ನೆಯ ಇಸವಿಯ ನವೆಂಬರ್ ೧ರಂದು ಈ ಸೀಮೆ ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮ ಅಳಿವು ಉಳಿವುಗಳೆರಡೂ ಎಣಿಕೆಯನ್ನು ಅವಲಂಬಿಸಿವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಎಷ್ಟು ಮಕ್ಕಳಿರುತ್ತಾರೆಯೋ ಅದನ್ನು ನೋಡಿ ಉಪಾಧ್ಯಾಯರ ಸಂಖ್ಯೆ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಒಂದು ಮಗು ತಪ್ಪಿದಂತೆಯೇ.

ಆದುದರಿಂದ ೨೦೨೪ರ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ೮೪ ಮಕ್ಕಳ ವಿವರಗಳನ್ನು ಎಕ್ಸೆಲ್ ಹಾಳೆಗೆ ಇಳಿಸುವ ಕೆಲಸವನ್ನು ನಾವೇ ವಹಿಸಿಕೊಂಡೆವು. ಹೊರಗೆ ಮಳೆ, ಒಳಗೆ ಶಾಲೆಯ ಹಳೆಯ ಲ್ಯಾಪ್‌ಟಾಪ್. ನಾಲ್ಕು ಸಂಜೆ ಕುಳಿತು ದಾಖಲಾತಿ ಪುಸ್ತಕವನ್ನು ನೋಡುತ್ತ ತುಂಬಿಸಿದೆವು. ತಾರೀಕುಗಳನ್ನು ನಮ್ಮ ದೇಶದ ರೂಢಿಯಂತೆ ಮೊದಲು ದಿನ, ಅನಂತರ ತಿಂಗಳು, ಕೊನೆಗೆ ವರ್ಷ ಎಂದು ಒತ್ತಿದೆವು.

ಎಕ್ಸೆಲಿನಲ್ಲಿ ಡೇಟಾ ವ್ಯಾಲಿಡೇಶನ್ ಎಂಬ ಒಂದು ಏರ್ಪಾಡು ಇದೆ. ಒಂದು ಅಂಕಣಕ್ಕೆ ನಿಯಮ ಹಾಕಬಹುದು: ಇಲ್ಲಿ ತಾರೀಕೇ ಇರಬೇಕು, ಅದು ಇಂಥ ವರ್ಷದಿಂದ ಇಂಥ ವರ್ಷದ ಒಳಗೇ ಇರಬೇಕು, ಎಂದು. ನಿಯಮ ಹಾಕಿದ ಮೇಲೆ ಅದಕ್ಕೆ ಹೊರತಾದುದನ್ನು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ಆದರೆ ಈ ದ್ವಾರಪಾಲಕನಿಗೆ ಎರಡು ದೌರ್ಬಲ್ಯಗಳಿವೆ. ನಿಯಮ ಹಾಕುವುದಕ್ಕೆ ಮೊದಲೇ ಒಳಗೆ ಬಂದು ಕುಳಿತವರನ್ನು ಅವನು ತಾನಾಗಿ ವಿಚಾರಿಸುವುದಿಲ್ಲ; ಬೇರೆ ಹಾಳೆಯಿಂದ ನಕಲು ಮಾಡಿ ತಂದು ಅಂಟಿಸಿದವರನ್ನೂ ತಡೆಯುವುದಿಲ್ಲ. ಅಂಥವರನ್ನು ಕಾಣಬೇಕಾದರೆ ಇನ್ನೊಂದು ಗುಂಡಿಯನ್ನು ಒತ್ತಬೇಕು. ಒತ್ತಿದೊಡನೆ ನಿಯಮಕ್ಕೆ ಹೊರತಾದ ಚೌಕಗಳ ಸುತ್ತ ಕೆಂಪು ಬಣ್ಣದ ಸುತ್ತುಗಳು ಬೀಳುತ್ತವೆ.

ಕೆಂಪು ಸುತ್ತು! ಅದನ್ನು ಕಂಡು ನಮಗೆ ಆದ ಆನಂದವನ್ನು ವೃತ್ತಿಬಾಂಧವರು ಮಾತ್ರ ಊಹಿಸಬಲ್ಲರು. ಹುಟ್ಟಿದ ತಾರೀಕಿನ ಅಂಕಣದಲ್ಲಿ ೫೧ ಸುತ್ತುಗಳು ಬಿದ್ದಿದ್ದವು. ಆ ೫೧ನ್ನೂ ಯಂತ್ರ ತಾರೀಕೆಂದು ಗ್ರಹಿಸದೆ ಬರಿಯ ಅಕ್ಷರಗಳೆಂದು ಇಟ್ಟುಕೊಂಡಿತ್ತು. ನಾವು ಒಂದೊಂದನ್ನೂ ದಾಖಲಾತಿ ಪುಸ್ತಕಕ್ಕೆ ಹೋಲಿಸಿ, ತಿಂಗಳನ್ನು ಅಂಕೆಯ ಬದಲು ಹೆಸರಿನಿಂದ ಬರೆದು ಸರಿಪಡಿಸಿದೆವು. ಪುನಃ ಗುಂಡಿ ಒತ್ತಿದಾಗ ಒಂದು ಸುತ್ತೂ ಇರಲಿಲ್ಲ. ಉಳಿದ ೩೩ ತಾರೀಕುಗಳನ್ನು ಯಂತ್ರವೇ ಒಪ್ಪಿತ್ತಾದ್ದರಿಂದ ಅವನ್ನು ಮುಟ್ಟುವ ಅಗತ್ಯವೇ ಕಾಣಲಿಲ್ಲ. ಮುಖ್ಯೋಪಾಧ್ಯಾಯರು "ಪಟ್ಟಿ ಸರಿಯೋ?" ಎಂದು ಕೇಳಿದರು. "ಪರೀಕ್ಷೆ ಮಾಡಿದ ಪಟ್ಟಿ" ಎಂದು ನಾವು ಸ್ವಲ್ಪ ಗರ್ವದಿಂದಲೇ ಉತ್ತರಿಸಿದೆವು.

ಅದೇ ವರ್ಷ ನವೋದಯ ವಿದ್ಯಾಲಯದ ಆರನೆಯ ತರಗತಿಯ ಪ್ರವೇಶಪರೀಕ್ಷೆಗೆ ಅರ್ಜಿ ಹಾಕುವ ಕಾಲ ಬಂದಿತು. ಐದನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಲೆಕ್ಕದಲ್ಲಿ ಅವಳಿಗೆ ಸಮನಾದವರು ಇರಲಿಲ್ಲ. ತಂದೆ ತೀರಿಹೋಗಿದ್ದರು; ತಾಯಿ ಬೀಡಿ ಕಟ್ಟಿ, ಗೇರುಬೀಜದ ಕಾಲದಲ್ಲಿ ಬೀಜ ಹೆಕ್ಕಿ ಮನೆ ನಡೆಸುತ್ತಿದ್ದರು. ಊಟ, ವಸತಿ, ಪುಸ್ತಕಗಳೊಡನೆ ಹನ್ನೆರಡನೆಯ ತರಗತಿಯವರೆಗೆ ಓದಿಸುವ ಶಾಲೆಯ ಬಾಗಿಲು ಅಂಥ ಮನೆಗೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ೨೦೨೫-೨೬ರ ಪ್ರವೇಶಕ್ಕೆ ೨೦೧೩ರ ಮೇ ೧ರಿಂದ ೨೦೧೫ರ ಜುಲೈ ೩೧ರ ಒಳಗೆ ಹುಟ್ಟಿದವರಾಗಿರಬೇಕೆಂಬ ನಿಬಂಧನೆ ಇತ್ತು. ಅರ್ಜಿಯ ಕೊನೆಯ ದಿನ ಸಂಜೆ ನಾವು ನಮ್ಮ ಪಟ್ಟಿಯಿಂದ ಪ್ರಮಾಣಪತ್ರವನ್ನು ಸಿದ್ಧಪಡಿಸಿದೆವು. ತಿಂಗಳು ಅಕ್ಷರದಲ್ಲಿ ಬರುವಂಥ ನಮೂನೆ ಅದು. ಹುಡುಗಿಯ ಹೆಸರಿನ ಮುಂದೆ ನವೆಂಬರ್ ೫, ೨೦೧೫ ಎಂದು ಬಂದಿತು. ಮೂರು ತಿಂಗಳಷ್ಟು ಕಿರಿಯಳು; ಅರ್ಜಿ ಸಲ್ಲದು.

ತಾಯಿ ಜಗಲಿಯ ಮೇಲೆ ಕಾದು ಕುಳಿತಿದ್ದರು. ವಿಷಯವನ್ನು ಹೇಳಿದೆವು. ಆಕೆ ತುಳುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ಇಲ್ಲ ಮಾಷ್ಟ್ರೇ, ಇವಳು ದೀಪಾವಳಿಯ ಕಾಲದವಳಲ್ಲ. ಪಗ್ಗು ತಿಂಗಳ ಕೊನೆ, ಬಾವಿಯಲ್ಲಿ ನೀರಿರಲಿಲ್ಲ. ಹಿಂದಿನ ದಿನದವರೆಗೂ ನಾನು ಬೀಜ ಹೆಕ್ಕಿದ್ದೇನೆ."

ಪಗ್ಗು ಎಂದರೆ ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗಿನ ತುಳು ತಿಂಗಳು. ದಾಖಲಾತಿ ಪುಸ್ತಕ ನಾವು ಕುಳಿತಲ್ಲಿಂದ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ನಾವು ಏಳಲಿಲ್ಲ. "ಇದು ಪರೀಕ್ಷೆ ಮಾಡಿದ ಪಟ್ಟಿ ಅಮ್ಮಾ, ಇದರಲ್ಲಿ ತಪ್ಪಿಲ್ಲ" ಎಂದೆವು. ಆಕೆ ಒಂದು ಗಳಿಗೆ ಸುಮ್ಮನಿದ್ದು, "ಮಾಷ್ಟ್ರು ಹೇಳಿದ ಮೇಲೆ ಸರಿಯೇ ಇರಬೇಕು. ನನಗೆ ಓದು ಬರುವುದಿಲ್ಲವಲ್ಲ" ಎಂದು ಮಗಳ ಕೈ ಹಿಡಿದು ಹೊರಟುಹೋದರು.

೨೦೨೫ರ ಜೂನ್‌ನಲ್ಲಿ ನಮ್ಮ ಶಾಲೆಗೆ ಒಬ್ಬರು ಕಿರಿಯ ಉಪಾಧ್ಯಾಯರು ಹೊಸದಾಗಿ ಬಂದರು. ಅವರು ಎ.ಐ. ಸಹಾಯಕವೆಂಬ ಹೊಸ ಸಾಧನವನ್ನು ಬಳಸಬಲ್ಲವರು. ೨೦೨೨ರ ಕೊನೆಯಿಂದೀಚೆಗೆ ಇಂಥ ಸಾಧನಗಳು ಜನರ ಕೈಗೆ ಬಂದಿವೆ; ಪ್ರಶ್ನೆಯನ್ನು ನಮ್ಮ ಮಾತಿನಲ್ಲಿಯೇ ಕೇಳಬಹುದು, ಹಾಳೆಯನ್ನು ಮುಂದಿಟ್ಟು ಇದರಲ್ಲಿ ದೋಷಗಳೇನೆಂದು ವಿಚಾರಿಸಬಹುದು. ಸಹೋದ್ಯೋಗಿಗಳು ಅದನ್ನು ಬಹಳವಾಗಿ ಹೊಗಳಿದರು. ಹೊಗಳಿಕೆ ಕೇಳಿದ ಉಪಾಧ್ಯಾಯನಿಗೆ ಪರೀಕ್ಷೆ ಕೊಡುವ ಚಪಲ ಹುಟ್ಟುವುದು ಸ್ವಾಭಾವಿಕ. ಹಿಂದಿನ ವರ್ಷ ಕೆಂಪು ಸುತ್ತು ಹಾಕುವುದಕ್ಕೆ ಮೊದಲಿನ ಮೂಲಪ್ರತಿ ನಮ್ಮ ಪೆನ್‌ಡ್ರೈವಿನಲ್ಲಿ ಹಾಗೆಯೇ ಉಳಿದಿತ್ತು. ೫೧ ತಪ್ಪುಗಳಿರುವುದು ನಮಗೆ ಗೊತ್ತು. ಇದು ಎಷ್ಟನ್ನು ಕಂಡುಹಿಡಿಯುತ್ತದೆಯೋ ನೋಡೋಣವೆಂದುಕೊಂಡೆವು. ಉತ್ತರಪತ್ರಿಕೆ ನಮ್ಮ ಜೇಬಿನಲ್ಲಿತ್ತು.

ಹಾಳೆಯನ್ನು ಒಪ್ಪಿಸುವುದಕ್ಕೆ ಮೊದಲು ಹೆಸರು, ತಂದೆತಾಯಿಗಳ ಹೆಸರು, ಆಧಾರ್ ಸಂಖ್ಯೆ, ಫೋನ್ ಸಂಖ್ಯೆಗಳ ಅಂಕಣಗಳನ್ನು ಅಳಿಸಿ ಕ್ರಮಸಂಖ್ಯೆಯನ್ನು ಮಾತ್ರ ಉಳಿಸಿದೆವು. ಮಕ್ಕಳ ವಿವರಗಳು ನಮ್ಮ ಸ್ವಂತ ಸೊತ್ತಲ್ಲ. ೨೦೨೩ರಲ್ಲಿ ಆದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನಿನಲ್ಲಿಯೂ ಹದಿನೆಂಟು ತುಂಬದವರಿಗೆ ವಿಶೇಷ ರಕ್ಷಣೆ ಹೇಳಿದೆ.

ಉತ್ತರ ಒಂದು ನಿಮಿಷದೊಳಗೆ ಬಂದಿತು. ಕನ್ನಡ ಸ್ವಲ್ಪ ಬಿಗಿಯಾಗಿತ್ತು, ಆದರೆ ಅರ್ಥವಾಗುವಂತಿತ್ತು. ೫೧ ಚೌಕಗಳಲ್ಲಿ ತಾರೀಕಿನ ಬದಲು ಅಕ್ಷರಗಳಿವೆ ಎಂದು ಮೊದಲ ಸಾಲಿನಲ್ಲಿಯೇ ಹೇಳಿತ್ತು. ನಾವು ಮನಸ್ಸಿನಲ್ಲಿಯೇ ಪೂರ್ಣ ಅಂಕ ಕೊಟ್ಟೆವು. ಆದರೆ ಉತ್ತರ ಅಲ್ಲಿಗೆ ಮುಗಿದಿರಲಿಲ್ಲ. ಮುಂದೆ ಬಂದ ಮಾತಿನ ಸಾರಾಂಶ ಇದು: ಆ ೫೧ರಲ್ಲಿರುವ ದಿನ ತಿಂಗಳುಗಳು ಪ್ರಾಯಶಃ ಸರಿಯಾಗಿಯೇ ಇವೆ, ಸಂಶಯಪಡಬೇಕಾದದ್ದು ತಾರೀಕೆಂದು ಅಂಗೀಕೃತವಾದ ೩೩ರ ವಿಷಯದಲ್ಲಿ. ಏಕೆಂದರೆ ಆ ೩೩ರಲ್ಲಿ ಒಂದರಲ್ಲಿಯಾದರೂ ದಿನದ ಅಂಕೆ ೧೨ನ್ನು ಮೀರಿಲ್ಲ. ಇದಲ್ಲದೆ, ಶಾಲೆಗೆ ಸೇರಿದ ದಿನದ ಅಂಕಣದಲ್ಲಿ ಹೆಚ್ಚಿನ ಮಕ್ಕಳು ಜನವರಿ ೬ರಂದು ಸೇರಿದಂತೆ ಇದೆ. ನಿಮ್ಮ ಶಾಲೆ ಜನವರಿಯಲ್ಲಿ ಆರಂಭವಾಗುತ್ತದೆಯೆ?

ನಾವು ಕುರ್ಚಿಯಿಂದ ಎದ್ದೆವು. ಕೇರಳದ ಶಾಲೆಗಳು ತೆರೆಯುವುದು ಜೂನ್ ತಿಂಗಳ ಮೊದಲಲ್ಲಿ. ಜೂನ್ ೧ ಎಂದು ನಾವು ಒತ್ತಿದ್ದು ೦೧-೦೬. ಯಂತ್ರ ಅದನ್ನು ಮೊದಲನೆಯ ತಿಂಗಳ ಆರನೆಯ ದಿನವೆಂದು ಓದಿತ್ತು.

ವಿದ್ಯಾರ್ಥಿಮಿತ್ರರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕೆಯಲ್ಲಿ ತಾರೀಕು ಬರೆಯುವಾಗ ತಿಂಗಳು ಮೊದಲು, ದಿನ ಅನಂತರ. ನಮ್ಮ ಲ್ಯಾಪ್‌ಟಾಪಿನ ವ್ಯವಸ್ಥೆ ಆ ರೂಢಿಯಲ್ಲಿಯೇ ಉಳಿದಿತ್ತು. ೨೩-೦೮ ಎಂದು ಒತ್ತಿದಾಗ ಇಪ್ಪತ್ತಮೂರನೆಯ ತಿಂಗಳು ಇಲ್ಲವಾದ್ದರಿಂದ ಯಂತ್ರ ಕೈಚೆಲ್ಲಿ, ಅದನ್ನು ಅಕ್ಷರವೆಂದು ಹಾಗೆಯೇ ಇಟ್ಟಿತು. ನಿಜ ಕೆಡಲಿಲ್ಲ, ಆದರೆ ಕೆಂಪು ಸುತ್ತು ಬಿದ್ದಿತು. ೧೧-೦೫ ಎಂದು ಒತ್ತಿದಾಗ ಹನ್ನೊಂದನೆಯ ತಿಂಗಳು ಇದೆಯಾದ್ದರಿಂದ ಅದು ನವೆಂಬರ್ ೫ ಆಯಿತು. ನಿಜ ಕೆಟ್ಟಿತು, ಸುತ್ತು ಬೀಳಲಿಲ್ಲ. ಪರದೆಯ ಮೇಲೆ ಮಾತ್ರ ನಾವು ಒತ್ತಿದ ಅಂಕೆಗಳು ಒತ್ತಿದ ಕ್ರಮದಲ್ಲಿಯೇ ಕಾಣುತ್ತಿದ್ದುದರಿಂದ ನಮ್ಮ ಕಣ್ಣು ಮೇ ಎಂದು ಓದುತ್ತಿತ್ತು, ಯಂತ್ರ ನವೆಂಬರ್ ಎಂದು ಎಣಿಸುತ್ತಿತ್ತು. ಅಂದರೆ ಸುತ್ತು ಬಿದ್ದವರೆಲ್ಲರೂ ನಿರಪರಾಧಿಗಳು; ಅಪರಾಧವಿದ್ದುದು ಸುತ್ತು ಬೀಳದ ಕಡೆಯಲ್ಲಿ.

ವರ್ಷದಲ್ಲಿ ಇಂಥ ದಿನಗಳೆಷ್ಟು? ಏಳನೆಯ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆವು. ೧೨ ತಿಂಗಳಲ್ಲಿ ತಲಾ ೧೨ ದಿನಗಳಂತೆ ೧೪೪ ಎಂದು ಒಬ್ಬನು ಕೂಗಿದನು. ಜನವರಿ ೧, ಫೆಬ್ರವರಿ ೨ ಹೀಗೆ ದಿನವೂ ತಿಂಗಳೂ ಒಂದೇ ಅಂಕೆಯಾದಲ್ಲಿ ಅದಲುಬದಲಾದರೂ ಕೆಡುವುದಿಲ್ಲವೆಂದು ಇನ್ನೊಬ್ಬಳು ೧೨ನ್ನು ಕಳೆದಳು. ಉಳಿದವು ೧೩೨. ೩೬೫ ದಿನಗಳಲ್ಲಿ ೨೨೧ ದಿನ ಹುಟ್ಟಿದವರ ತಾರೀಕು ಗದ್ದಲ ಮಾಡಿ ಉಳಿದುಕೊಳ್ಳುತ್ತದೆ; ೧೩೨ ದಿನ ಹುಟ್ಟಿದವರದು ಸದ್ದಿಲ್ಲದೆ ಕೆಡುತ್ತದೆ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಮನುಷ್ಯದೇಹದ ಜೀನುಗಳಲ್ಲಿ ಕೆಲವಕ್ಕೆ 'ಮಾರ್ಚ್ ೧', 'ಸೆಪ್ಟ್ ೨' ಎಂಬಂಥ ಸಂಕ್ಷಿಪ್ತನಾಮಗಳಿದ್ದವು. ಎಕ್ಸೆಲ್ ಅವನ್ನು ತಾರೀಕುಗಳೆಂದು ತಿಳಿದು ಮಾರ್ಪಡಿಸುತ್ತಿತ್ತು. ಜೀನುಗಳ ಎಕ್ಸೆಲ್ ಪಟ್ಟಿಯನ್ನು ಜೊತೆಗಿಟ್ಟಿದ್ದ ಸಂಶೋಧನಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಹೆಸರುಗಳು ಕೆಟ್ಟಿವೆಯೆಂದು ೨೦೧೬ರಲ್ಲಿ ತೋರಿಸಿಕೊಟ್ಟರು. ಕೊನೆಗೆ ೨೦೨೦ರಲ್ಲಿ ವಿಜ್ಞಾನಿಗಳು ಜೀನುಗಳ ಹೆಸರನ್ನೇ ಬದಲಾಯಿಸಿದರು. ಜೀನಿನ ಹೆಸರನ್ನು ಬದಲಾಯಿಸಬಹುದು. ಮಗು ಹುಟ್ಟಿದ ದಿನವನ್ನು ಬದಲಾಯಿಸುವಂತಿಲ್ಲ.

ಅಂದು ಸಂಜೆಯೇ ಕಪಾಟನ್ನು ತೆರೆದೆವು. ಸಹೋದ್ಯೋಗಿಗಳು ದಾಖಲಾತಿ ಪುಸ್ತಕದಿಂದ ಓದುತ್ತ ಹೋದರು. ನಾವು ಗುರುತು ಹಾಕುತ್ತ ಹೋದೆವು. ೩೩ರಲ್ಲಿ ಎರಡು ಮಾತ್ರ ಸರಿಯಾಗಿದ್ದವು. ಅವು ದಿನವೂ ತಿಂಗಳೂ ಒಂದೇ ಆದವು. ೩೧ ತಾರೀಕುಗಳು ಅದಲುಬದಲಾಗಿದ್ದವು. ಆ ಹುಡುಗಿಯ ಸಾಲು ಬಂದಾಗ ಅವರು "ಹನ್ನೊಂದು, ಮೇ, ಎರಡು ಸಾವಿರದ ಹದಿನೈದು" ಎಂದು ಓದಿದರು. ಕೇಳಿಸಲಿಲ್ಲವೆಂಬಂತೆ ಇನ್ನೊಮ್ಮೆ ಓದಿಸಿದೆವು. ಆ ಪುಟದಲ್ಲಿ ಅಕ್ಷರದಲ್ಲಿಯೂ ಬರೆದಿತ್ತು, ಅಂಕೆಯಲ್ಲಿಯೂ ಬರೆದಿತ್ತು. ತಿಂಗಳು ಪಗ್ಗುವೇ ಆಗಿತ್ತು.

ಇಷ್ಟು ಹೇಳಿ ಯಂತ್ರವನ್ನು ಹೊಗಳಿ ಮುಗಿಸಿದರೆ ಅದು ಅರ್ಧಸತ್ಯವಾದೀತು. ಅದೇ ಉತ್ತರದಲ್ಲಿ ಇನ್ನೆರಡು ಸಲಹೆಗಳಿದ್ದವು. ಒಂದನೆಯದು: ಎರಡು ಸಾಲುಗಳಲ್ಲಿ ತರಗತಿ, ಹುಟ್ಟಿದ ತಾರೀಕು, ಸೇರಿದ ದಿನ ಎಲ್ಲವೂ ಒಂದೇ ಆಗಿವೆ; ಒಂದೇ ವಿವರ ಎರಡು ಸಲ ಬಂದಂತಿದೆ, ಒಂದನ್ನು ತೆಗೆಯಬಹುದು. ಆ ಸಾಲುಗಳು ಎರಡನೆಯ ತರಗತಿಯ ಅವಳಿಮಕ್ಕಳವು. ಹೆಸರುಗಳನ್ನು ಅಳಿಸಿ ಕೊಟ್ಟವರು ನಾವೇ. ಯಂತ್ರದ ಮೇಲೆ ತಪ್ಪು ಹೊರಿಸುವಂತಿಲ್ಲ. ಆದರೆ ಯೋಚಿಸದೆ 'ಹೌದು' ಎಂದಿದ್ದರೆ ಆರನೆಯ ದಿನದ ಎಣಿಕೆಯಲ್ಲಿ ಒಂದು ಜೀವ ಕಡಿಮೆಯಾಗುತ್ತಿತ್ತು.

ಎರಡನೆಯದು: ಹಲವು ಸಾಲುಗಳಲ್ಲಿ ಮಾತೃಭಾಷೆ ತುಳು, ಕೊಂಕಣಿ, ಮರಾಠಿ ಎಂದಿದೆ, ಮಾಧ್ಯಮ ಮಾತ್ರ ಕನ್ನಡ, ಇದು ಅಸಂಗತವಾಗಿ ಕಾಣುತ್ತದೆ, ಪರಿಶೀಲಿಸಿ. ನಮಗೆ ನಗು ಬಂದಿತು. ಮರುಕ್ಷಣ ಭಯವೂ ಆಯಿತು. ಸಪ್ತಭಾಷೆಗಳ ನಾಡೆಂದು ಹೆಸರಾದ ಈ ಸೀಮೆಯಲ್ಲಿ ಮನೆಯೊಳಗೆ ತುಳುವಾಡಿ, ಪೇಟೆಯಲ್ಲಿ ಮಲಯಾಳವಾಡಿ, ಶಾಲೆಯಲ್ಲಿ ಕನ್ನಡ ಓದುವುದು ನಮಗೆ ಉಸಿರಾಟದಷ್ಟು ಸಹಜ. ದೂರದಿಂದ ನೋಡುವವರಿಗೆ ಅದು ಪಟ್ಟಿಯ ದೋಷ. ಅದನ್ನು 'ಸರಿಪಡಿಸಿದ್ದರೆ' ಆ ಮಕ್ಕಳ ಮನೆಮಾತು ಒಂದೇ ಏಟಿಗೆ ಅಳಿಸಿಹೋಗುತ್ತಿತ್ತು, ಇಲ್ಲವೆ ಅವರ ಕನ್ನಡಶಾಲೆ ಅಳಿಸಿಹೋಗುತ್ತಿತ್ತು. ನಿಯಮಕ್ಕೆ ಹೊಂದದ್ದೆಲ್ಲ ಸುಳ್ಳಲ್ಲ; ನಿಯಮಕ್ಕೆ ಹೊಂದಿದ್ದೆಲ್ಲ ಸತ್ಯವೂ ಅಲ್ಲ. ನಿಯಮಕ್ಕೆ ಹೊಂದಿದೆಯೇ ಎಂಬುದನ್ನು ಯಂತ್ರ ಹೇಳಬಲ್ಲದು. ಜಾಣ ಯಂತ್ರವಾದರೆ ಎಲ್ಲಿ ಸಂಶಯಪಡಬೇಕೆಂಬುದನ್ನೂ ಹೇಳಬಲ್ಲದು. ನಿಜವೇ ಎಂಬುದನ್ನು ಹೇಳಬೇಕಾದವರು ಮಗುವನ್ನು ಬಲ್ಲವರು.

ಈಗ ನಾವು ಪಾಲಿಸುವ ಕ್ರಮವನ್ನು ವೃತ್ತಿಬಾಂಧವರಿಗೆ ಉಪಯೋಗವಾದೀತೆಂದು ತಿಳಿಸುತ್ತೇವೆ. ಮೊದಲು ಕಂಪ್ಯೂಟರಿನ ತಾರೀಕಿನ ವ್ಯವಸ್ಥೆಯನ್ನು ನಮ್ಮ ದೇಶದ ರೂಢಿಗೆ ತರುತ್ತೇವೆ. ತಿಂಗಳು ಅಕ್ಷರದಲ್ಲಿ ಕಾಣುವಂತೆ ಮಾಡುತ್ತೇವೆ. ತಿದ್ದುವುದಕ್ಕೆ ಮೊದಲು ಮೂಲಪ್ರತಿಯನ್ನು ತೆಗೆದಿಡುತ್ತೇವೆ. ಅದು ಉಳಿಯದೆ ಇದ್ದಿದ್ದರೆ ನಮ್ಮ ತಪ್ಪು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ. ಸಹಾಯಕವನ್ನು ಕೇಳುವಾಗ ಯಾವುದು ತಪ್ಪೆಂದು ಮಾತ್ರ ಕೇಳದೆ, ಸರಿಯೆಂದು ಕಾಣುವವುಗಳಲ್ಲಿ ಸಂಶಯಕ್ಕೆ ಎಡೆಯುಳ್ಳದ್ದು ಯಾವುದು, ಏಕೆ, ಎಂದೂ ಕೇಳುತ್ತೇವೆ. ತೋರಿಸುವ ಅಧಿಕಾರ ಅದಕ್ಕೆ, ತಿದ್ದುವ ಅಧಿಕಾರ ದಾಖಲಾತಿ ಪುಸ್ತಕವನ್ನು ತೆರೆದು ಕುಳಿತವರಿಗೆ. ಕೊನೆಯದಾಗಿ, ತಂದೆತಾಯಿಗಳು "ಇಲ್ಲ ಮಾಷ್ಟ್ರೇ" ಎಂದರೆ ಹತ್ತು ಹೆಜ್ಜೆ ನಡೆಯುತ್ತೇವೆ.

ಮುಖ್ಯೋಪಾಧ್ಯಾಯರಿಗೆ ಎಲ್ಲವನ್ನೂ ತಿಳಿಸಿ ೩೧ ತಾರೀಕುಗಳನ್ನು ತಿದ್ದಿಸಿದ ಮೇಲೆ, ಒಂದು ಆದಿತ್ಯವಾರ ಆ ಹುಡುಗಿಯ ಮನೆಗೆ ಹೋದೆವು. ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು: ತಪ್ಪು ಯಂತ್ರದ್ದೆಂದು ಹೇಳಬಹುದಾಗಿತ್ತು, ಆದರೆ ನೀವು ಹೇಳಿದಾಗ ಪುಸ್ತಕ ತೆರೆಯದೆ ಇದ್ದುದು ನಮ್ಮ ತಪ್ಪು, ಎಂದೆವು. ಆ ಪರೀಕ್ಷೆಯ ಕಾಲ ಕಳೆದುಹೋಗಿದೆ. ಒಂಬತ್ತನೆಯ ತರಗತಿಗೆ ಖಾಲಿ ಉಳಿದ ಸ್ಥಾನಗಳಿಗಾಗಿ ಇನ್ನೊಂದು ಪ್ರವೇಶಪರೀಕ್ಷೆ ಇರುತ್ತದೆ, ಅದಕ್ಕೆ ನಾವು ಪಾಠ ಹೇಳಿಕೊಡುತ್ತೇವೆ ಎಂದೂ ಹೇಳಿದೆವು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಕೈ ಮಾತ್ರ ಎಲೆಯನ್ನು ಸುತ್ತುತ್ತಲೇ ಇತ್ತು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು:

"ಆ ದೊಡ್ಡ ಪುಸ್ತಕದಲ್ಲಿ ಮೊದಲಿನಿಂದಲೂ ಸರಿಯಾಗಿಯೇ ಇತ್ತೋ ಮಾಷ್ಟ್ರೇ?"

ಹೌದೆಂದು ಹೇಳಿದೆವು.

"ಹಾಗಾದರೆ ಅಂದು ನಾನು ಹೇಳಿದ್ದು ಸರಿ" ಎಂದರು. ಅದು ನಮ್ಮನ್ನು ಕುರಿತ ಮಾತಾಗಿರಲಿಲ್ಲ. ಆಕೆ ಮಗಳ ಕಡೆಗೆ ತಿರುಗಿ ಹೇಳಿದ್ದು. ಹತ್ತು ತಿಂಗಳ ಕಾಲ ಆ ಮನೆಯಲ್ಲಿ ಒಬ್ಬ ತಾಯಿ ತಾನು ಹೆತ್ತ ದಿನದ ನೆನಪನ್ನೇ ಸಂಶಯಿಸುತ್ತಿದ್ದರೆಂಬುದು ಆಗ ನಮಗೆ ಹೊಳೆಯಿತು. ಒಂದು ಅರ್ಜಿ ತಪ್ಪಿದ್ದಕ್ಕಿಂತ ಅದು ನಮಗೆ ಹೆಚ್ಚು ಭಾರವಾಯಿತು.

ಈಗ ವಾರಕ್ಕೆ ಮೂರು ಸಂಜೆ ಆ ಹುಡುಗಿಯೂ ಇನ್ನು ನಾಲ್ವರೂ ಲೆಕ್ಕ ಕಲಿಯುವುದಕ್ಕೆ ಶಾಲೆಯಲ್ಲಿ ಉಳಿಯುತ್ತಾರೆ. ನಮ್ಮ ಕೆಂಪು ಶಾಯಿಯ ಲೇಖನಿ ಮೇಜಿನ ಮೇಲೆಯೇ ಇರುತ್ತದೆ. ಅವರ ಪುಸ್ತಕವನ್ನು ತೆರೆಯುವ ಮೊದಲು ಅದನ್ನು ಒಮ್ಮೆ ನಮ್ಮ ಟಿಪ್ಪಣಿಯ ಮೇಲೆ ಓಡಿಸುತ್ತೇವೆ.